ವಾಲ್ಕೂರಿನ ಮೆಕ್ಯಾನಿಕ್ಕು

ಗೇರ್ ಇಲ್ಲದ ಸ್ಕೂಟರ್ ಈಗ ನಮ್ಮ ಬೆಳ್ಳಾವಿಯಲ್ಲೂ ಮನೆಗೊಂದು ಅನ್ನೋ ಹಾಗಿದೆ. ಅದರ ಎಡಗಡೆ, ಕಿಕ್ಕರ್ ಇರೋ ಉದ್ದನೆ ಕವರ್ ಬಿಚ್ಚಿದ್ರೆ ಒಳಗೆ ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ಮಧ್ಯೆ ಒಂದು ರಬ್ಬರ್ ಬೆಲ್ಟು ಕಾಣುತ್ತೆ. ಇದೇ ವ್ಯವಸ್ಥೆಯನ್ನ ಇನ್ನೂ ದಪ್ಪ, ಇನ್ನೂ ಗಟ್ಟಿ ಮಾಡಿ ಹಿಮದ ಮೇಲೆ ಓಡೋ ಗಾಡಿಗೆ ಹಾಕಿರ್ತಾರೆ. ಅದರ ಹೆಸರು ಸ್ನೋಮೊಬೈಲ್. ಮುಂದೆ ಎರಡು ಸ್ಕೀ, ಹಿಂದೆ ನೆಲಕ್ಕೆ ಒತ್ತಿಕೊಂಡು ಸುತ್ತೋ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಬೈಕಿನ ತರ ಸೀಟು ಮತ್ತು ಹ್ಯಾಂಡಲ್. ಗುಲ್ಮಾರ್ಗ್‌ಗೆ ಟೂರ್ ಹೋದೋರು ನೋಡಿರಬಹುದು. ಉಳಿದೋರು ಸಿನಿಮಾದಲ್ಲಿ ನೋಡಿರ್ತೀರ.

ಈ ಗಾಡಿಯನ್ನ ಜನಸಾಮಾನ್ಯರ ಕೈಗೆ ಕೊಟ್ಟವರು ಜೋಸೆಫ್ ಆರ್ಮಾಂ ಬೊಂಬಾರ್ಡಿಯೆ. ಇಂಗ್ಲಿಷಿನವರು ಬೊಂಬಾರ್ಡಿಯರ್ ಅಂತಾರೆ, ಅವರ ಮಾತು ಫ್ರೆಂಚ್ ಆದ್ದರಿಂದ ಕೊನೆಯ ರ್ ಹೇಳೋ ಹಾಗಿಲ್ಲ. ದೆಹಲಿ ಮೆಟ್ರೋ ಬೋಗಿಗಳ ಮೇಲೆ, ವಿಮಾನಗಳ ಮೇಲೆ ಈ ಹೆಸರು ಓದಿದ ನಮಗೆ ಅದೊಂದು ದೊಡ್ಡ ಕಂಪನಿ ಅಂತ ಮಾತ್ರ ಗೊತ್ತು. ಆದರೆ ಅದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯ ಹಳ್ಳಿ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್ಕು. ರೈಲನ್ನೂ ವಿಮಾನವನ್ನೂ ಅವರು ಮಾಡಲಿಲ್ಲ, ಅವೆಲ್ಲ ಅವರು ಹೋದಮೇಲೆ ಬಂದದ್ದು.

ಹುಟ್ಟಿದ್ದು 1907ರ ಏಪ್ರಿಲ್ 16ರಂದು, ಕೆನಡಾದ ಕ್ವೆಬೆಕ್ ಪ್ರಾಂತ್ಯದ ವಾಲ್ಕೂರ್ ಅನ್ನೋ ಊರಲ್ಲಿ. (ತುಮಕೂರಿನವರಿಗೆ ಈ ಹೆಸರು ನೆನಪಿಟ್ಟುಕೊಳ್ಳೋದು ಸುಲಭ.) ತಂದೆ ಆಲ್ಫ್ರೆಡ್, ತಾಯಿ ಅನ್ನಾ. ಎಂಟು ಮಕ್ಕಳಲ್ಲಿ ಇವನೇ ಹಿರಿಯ. ಹುಡುಗನಿಗೆ ಬಿಚ್ಚೋ ಹುಚ್ಚು. ಹಳೇ ಗಡಿಯಾರದ ಚಕ್ರಗಳು, ಸಿಗಾರ್ ಡಬ್ಬಿಗಳು ಕೈಗೆ ಸಿಕ್ಕರೆ ಅವು ಓಡೋ ಆಟದ ಗಾಡಿ ಆಗ್ತಿದ್ವು. ಇಂಥ ಹುಡುಗರು ನಮ್ಮ ಕ್ಲಾಸಲ್ಲೂ ಇದ್ದಾರೆ, ಹಾಸ್ಟೆಲ್ ಫ್ಯಾನ್ ರೆಗ್ಯುಲೇಟರ್ ಬಿಚ್ಚಿಟ್ಟು ಊಟಕ್ಕೆ ಹೋಗಿಬಿಡ್ತಾರೆ.

ಮನೆಯ ಯಂತ್ರಗಳನ್ನೆಲ್ಲ ಬಿಚ್ಚೋದು ನಿಲ್ಲಿಸಲಿ ಅಂತ ತಂದೆ ಒಂದು ಹಳೇ ಫೋರ್ಡ್ ಮಾಡೆಲ್ ಟಿ ಕಾರನ್ನ ಅವನಿಗೇ ಬಿಟ್ಟುಕೊಟ್ರು. ಅದರ ಎಂಜಿನ್ ಕೆಟ್ಟಿತ್ತು. ಅವನಿಗಾಗ ಹದಿನೈದು ವರ್ಷ. ತಮ್ಮ ಲೆಯೊಪೋಲ್ಡ್‌ನನ್ನ ಸೇರಿಸಿಕೊಂಡು ಎಂಜಿನ್ ರಿಪೇರಿ ಮಾಡಿದ, ಜಾರುಬಂಡಿಗಳ ಮೇಲೆ ಕೂರಿಸಿದ, ಹಿಂದುಗಡೆ ಮರದಲ್ಲಿ ಕೆತ್ತಿದ ಪ್ರೊಪೆಲ್ಲರ್ ಸಿಕ್ಕಿಸಿದ. ವಿಮಾನದ ಫ್ಯಾನ್ ಗಾಳಿ ತಳ್ಳಿ ಗಾಡಿ ಮುಂದೆ ಹೋಗೋ ಹಾಗೆ. 1922ರ ಡಿಸೆಂಬರ್ 31ರಂದು ಅಣ್ಣ ತಮ್ಮ ಇಬ್ಬರೂ ಅದನ್ನ ವಾಲ್ಕೂರಿನ ಬೀದಿಯಲ್ಲಿ ಓಡಿಸಿದ್ರು. ಹಿಂದೆ ಬರಿಗತ್ತಿಯ ಹಾಗೆ ತಿರುಗೋ ಪ್ರೊಪೆಲ್ಲರ್, ಅದಕ್ಕೆ ಗಾರ್ಡ್ ಇಲ್ಲ, ಮುಂದೆ ಸ್ಟಿಯರಿಂಗಿಗೆ ತಮ್ಮ. ನೋಡಿದ ಅಪ್ಪ ಬಿಚ್ಚಿಹಾಕು ಅಂದ್ರು. ಬಿಚ್ಚಿಹಾಕಿದ. ನನ್ನ ಪ್ರಕಾರ ಅಪ್ಪ ಹೇಳಿದ್ದೇ ಸರಿ, ಆ ಮಾಡೆಲ್ಲನ್ನ ಯಾವ ಸೇಫ್ಟಿ ಇನ್ಸ್‌ಪೆಕ್ಟರ್ ನೋಡಿದ್ರೂ ಅದನ್ನೇ ಹೇಳ್ತಿದ್ರು. ಆದರೆ ಗಾಡಿ ಓಡಿತ್ತು. ಅದನ್ನ ಬಿಚ್ಚೋಕೆ ಬರೋದಿಲ್ಲ.

ಮನೆಯವರಿಗೆ ಮಗ ಪಾದ್ರಿ ಆಗಲಿ ಅಂತ ಆಸೆ. ಶೆರ್‌ಬ್ರೂಕ್ ಪಟ್ಟಣದ ಸೆಮಿನರಿಗೆ ಸೇರಿಸಿದ್ರು. ಹದಿನೇಳಕ್ಕೆ ಅಲ್ಲಿಂದ ಹೊರಗೆ ಬಂದು ಪಕ್ಕದ ಊರಿನ ಗ್ಯಾರೇಜಲ್ಲಿ ಕೆಲಸ ಕಲಿಯೋಕೆ ನಿಂತ. ಆಮೇಲೆ ಮಾಂಟ್ರಿಯಲ್. ಹಗಲು ಗ್ಯಾರೇಜು, ಸಂಜೆ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಕ್ಲಾಸು, ಜೊತೆಗೆ ಅಂಚೆ ಮೂಲಕ ಕೋರ್ಸು. ಅವರ ಹತ್ತಿರ ಬಿಇ ಡಿಗ್ರಿ ಇರಲಿಲ್ಲ ಅನ್ನೋದನ್ನ ನಮ್ಮ ಪ್ಲೇಸ್‌ಮೆಂಟ್ ಸೆಲ್‌ನವರು ಓದದೇ ಇರಲಿ.

1926ರಲ್ಲಿ ಅಪ್ಪನ ಸಹಾಯದಿಂದ ವಾಲ್ಕೂರಿನಲ್ಲೇ ಸ್ವಂತ ಗ್ಯಾರೇಜು ಆಯ್ತು. ಆಗ ವಯಸ್ಸು 19, ಈಗ ನನಗಿರೋಷ್ಟೇ. ಇಲ್ಲಿಂದ ಮುಂದೆ ಅವನು ಅಂತ ಬರೆಯಲ್ಲ, ಅವರು ಅಂತ ಬರೀತೀನಿ. ಸ್ವಂತ ಗ್ಯಾರೇಜು ಹಾಕಿದೋರಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಕಾರು, ಟ್ರ್ಯಾಕ್ಟರ್ ಎಲ್ಲ ಅಲ್ಲಿಗೆ ರಿಪೇರಿಗೆ ಬರ್ತಿದ್ವು. ಸಿಗದ ಟೂಲನ್ನ ಅವರೇ ಮಾಡಿಕೊಳ್ತಿದ್ರು. 1929ರಲ್ಲಿ ಇವೊನ್ ಲಬ್ರೆಕ್ ಅನ್ನೋವರನ್ನ ಮದುವೆ ಆದ್ರು. ಬೇಸಿಗೆಯಲ್ಲಿ ಕೈತುಂಬ ಕೆಲಸ. ಚಳಿಗಾಲ ಬಂತು ಅಂದ್ರೆ ಊರಿಗೆ ಊರೇ ಬಂದ್. ಆ ಕಾಲದಲ್ಲಿ ಹಳ್ಳಿ ರಸ್ತೆಯ ಹಿಮ ತೆಗೆಯೋರಿಲ್ಲ. ಕಾರುಗಳನ್ನ ಶೆಡ್ಡಲ್ಲಿ ಮರದ ದಿಮ್ಮಿ ಮೇಲೆ ಎತ್ತಿಟ್ಟು ಜನ ಮತ್ತೆ ಕುದುರೆ ಜಾರುಬಂಡಿಗೆ ವಾಪಸ್ ಹೋಗ್ತಿದ್ರು. ಹೀಗಾಗಿ ಗ್ಯಾರೇಜಿಗೆ ಗಿರಾಕಿ ಇಲ್ಲದ ತಿಂಗಳುಗಳು ಬೊಂಬಾರ್ಡಿಯೆ ಅವರಿಗೆ ಪ್ರಯೋಗದ ತಿಂಗಳು ಆದವು. ಹಳೇ ಕಾರಿನ ಚಾಸಿಗೆ ಸ್ಕೀ ಕಟ್ಟಿ, ಪಟ್ಟಿ ಹಾಕಿ, ಓಡಿಸಿ, ಕೆಟ್ಟರೆ ಬಿಚ್ಚಿ. ಒಂದಲ್ಲ ಎರಡಲ್ಲ, ಸುಮಾರು ಹತ್ತು ಚಳಿಗಾಲ ಇದೇ.

1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೊಂಗೆ ಹೊಟ್ಟೆನೋವು ಶುರುವಾಯ್ತು. ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಸೋಂಕು ಹರಡಿತ್ತು. ಆಪರೇಷನ್ ಆಗಬೇಕು, ಆಸ್ಪತ್ರೆ ಇರೋದು ಶೆರ್‌ಬ್ರೂಕ್‌ನಲ್ಲಿ, ಸುಮಾರು 50 ಕಿಲೋಮೀಟರ್. ರಸ್ತೆ ಹಿಮದಲ್ಲಿ ಮುಚ್ಚಿಹೋಗಿದೆ. ಹಿಮದ ಮೇಲೆ ಓಡೋ ಗಾಡಿ ಮಾಡ್ತಿದ್ದ ಮನುಷ್ಯನ ಗ್ಯಾರೇಜಲ್ಲಿ ಆ ದಿನ ಓಡೋ ಸ್ಥಿತಿಯ ಗಾಡಿ ಒಂದೂ ಇರಲಿಲ್ಲ. ಮಗು ಉಳಿಯಲಿಲ್ಲ.

ಮಗ ಸತ್ತ ದುಃಖದಲ್ಲಿ ಸ್ನೋಮೊಬೈಲ್ ಕಂಡುಹಿಡಿದ್ರು ಅಂತ ಕಥೆ ಮಾಡೋದು ಸುಲಭ. ಹಾಗಲ್ಲ. ಅವರು ಅದಕ್ಕೆ ಮುಂಚೆ ಎಷ್ಟೋ ವರ್ಷದಿಂದ ಮಾಡ್ತಾನೇ ಇದ್ರು. ಬೇಕಾದ ರಾತ್ರಿಗೆ ಅದು ಮುಗಿದಿರಲಿಲ್ಲ, ಅಷ್ಟೇ. ನನಗೆ ಇದೇ ಹೆಚ್ಚು ಕಷ್ಟದ ವಿಷಯ ಅನ್ನಿಸುತ್ತೆ. ನಮ್ಮ ಅಜ್ಜಿ ಹೇಳೋ ಪ್ರಕಾರ ಟಾರ್ ರೋಡ್ ಬರೋ ಮುಂಚೆ ಮಳೆಗಾಲದಲ್ಲಿ ಹೆರಿಗೆ ಹೆಂಗಸರನ್ನ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತುಮಕೂರಿಗೆ ಹೊರಟರೆ, ಕೆಸರಲ್ಲಿ ಗಾಡಿ ಹೂತುಕೊಂಡು ಅಲ್ಲೇ ಬೆಳಗಾಗ್ತಿತ್ತಂತೆ. ಹಿಮ ಅಂದ್ರೆ ನಮಗೆ ಅರ್ಥ ಆಗದೇ ಇರಬಹುದು, ರಸ್ತೆ ಇಲ್ಲದೆ ಆಸ್ಪತ್ರೆ ದೂರ ಆಗೋದು ಎಲ್ಲರಿಗೂ ಅರ್ಥ ಆಗುತ್ತೆ.

ತೊಂದರೆ ಇದ್ದಿದ್ದು ಚಕ್ರದಲ್ಲಿ. ಗಾಡಿಯ ಭಾರವೆಲ್ಲ ನಾಲ್ಕು ಸಣ್ಣ ಜಾಗದ ಮೇಲೆ ಬಿದ್ದರೆ ಮೆತ್ತನೆ ನೆಲ ತಡೆಯಲ್ಲ, ಚಕ್ರ ಹೂತುಹೋಗುತ್ತೆ. ಭತ್ತದ ಗದ್ದೆಗೆ ಇಳಿಸೋ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕೋದು ಇದಕ್ಕೇ. ಬೊಂಬಾರ್ಡಿಯೆ ಅವರ ಉತ್ತರ ಉದ್ದನೆಯ ಪಟ್ಟಿ. ಆದರೆ ಕಬ್ಬಿಣದ ಸರಪಳಿ ಪಟ್ಟಿ ತೂಕ ಜಾಸ್ತಿ, ಸಂದಿಯಲ್ಲಿ ಹಿಮ ಗಟ್ಟಿಕಟ್ಟಿ ಕಚ್ಚಿಕೊಳ್ಳುತ್ತೆ. 1935ರಲ್ಲಿ ಅವರು ರಬ್ಬರ್ ಹೊದಿಸಿದ ಹಲ್ಲಿನ ಚಕ್ರ, ಅದು ಕಚ್ಚಿ ಎಳೆಯೋ ರಬ್ಬರ್ ಪಟ್ಟಿ, ಪಟ್ಟಿಗೆ ಅಡ್ಡಡ್ಡ ಉಕ್ಕಿನ ಪಟ್ಟೆಗಳು, ಈ ಜೋಡಣೆಯನ್ನ ಗೆದ್ದರು. ಹಗುರ, ಹಿಮ ಹಿಡಿಯಲ್ಲ. 1937ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ತು. ಅವರ ಕಂಪನಿಯ ಗುರುತಾಗಿ ಬಹಳ ಕಾಲ ಉಳಿದಿದ್ದು ಈ ಹಲ್ಲಿನ ಚಕ್ರವೇ.

ಈ ಪಟ್ಟಿ ಮೇಲೆ ಮೊದಲು ಬಂದದ್ದು ಏಳು ಜನ ಕೂರೋ ಬಿ7. ಬಿ ಅಂದ್ರೆ ಬೊಂಬಾರ್ಡಿಯೆ, 7 ಅಂದ್ರೆ ಏಳು ಸೀಟು, ಹೆಸರಿಡೋದರಲ್ಲಿ ಅವರು ಜಾಸ್ತಿ ತಲೆ ಓಡಿಸಿದವರಲ್ಲ. ಆಮೇಲೆ ಹನ್ನೆರಡು ಸೀಟಿನ ಬಿ12, ಹಡಗಿನ ಕಿಟಕಿ ತರ ದುಂಡು ಕಿಟಕಿ. ಕೊಂಡುಕೊಂಡವರು ಯಾರು ಅಂತ ನೋಡಿದ್ರೆ ಹಳ್ಳಿ ಡಾಕ್ಟರು, ದನದ ಡಾಕ್ಟರು, ಪಾದ್ರಿ, ಅಂಚೆಯವರು. ಆಂಬುಲೆನ್ಸ್ ಆಗಿ ಓಡಿತು, ಸ್ಕೂಲ್ ಬಸ್ಸಾಗಿ ಓಡಿತು. 1942ರಲ್ಲಿ ಕಂಪನಿ ರಿಜಿಸ್ಟರ್ ಆಯ್ತು, ಹೆಸರು ಲೋಟೋ-ನೇಜ್ ಬೊಂಬಾರ್ಡಿಯೆ, ಅರ್ಥ ಹಿಮದ ಮೋಟಾರು. ಯುದ್ಧದ ಕಾಲದಲ್ಲಿ ಸೈನ್ಯಕ್ಕೂ ಗಾಡಿ ಮಾಡಿಕೊಟ್ರು.

ಹಿಮ ಕೊಟ್ಟ ವ್ಯಾಪಾರವನ್ನ ರಸ್ತೆ ಕಿತ್ತುಕೊಂಡಿತು. 1948ರಲ್ಲಿ ಕ್ವೆಬೆಕ್ ಸರ್ಕಾರ ಹಳ್ಳಿ ರಸ್ತೆಗಳ ಹಿಮವನ್ನೂ ತೆಗೆಸೋ ನಿರ್ಧಾರ ಮಾಡಿತು. ಜನಕ್ಕೆ ಬಹಳ ಒಳ್ಳೇದಾಯ್ತು. ಒಂದೇ ವರ್ಷದಲ್ಲಿ ಬೊಂಬಾರ್ಡಿಯೆ ಅವರ ಮಾರಾಟ ಹೆಚ್ಚುಕಡಿಮೆ ಅರ್ಧ ಇಳಿದುಹೋಯ್ತು. 1934ರಲ್ಲೇ ಆ ಹಿಮ ತೆಗೆದಿದ್ರೆ ಮಗು ಆಸ್ಪತ್ರೆ ಸೇರ್ತಿತ್ತು ಅನ್ನೋದು ಓದೋವಾಗ ತಲೆಗೆ ಬಂದೇ ಬರುತ್ತೆ. ಅವರು ರಸ್ತೆ ಇಲ್ಲದ ಇನ್ನೊಂದು ಜಾಗ ಹುಡುಕಿದ್ರು, ಅದು ಜೌಗು ನೆಲ. 1953ರಲ್ಲಿ ಮಸ್ಕೆಗ್ ಟ್ರ್ಯಾಕ್ಟರ್ ಬಂತು. ಕೆಸರು, ಹಿಮ, ಕಾಡು ಎಲ್ಲಾದ್ರೂ ಹೋಗುತ್ತೆ. ಕೆರೆ ಅಂಗಳದಲ್ಲಿ ಹೂಳೆತ್ತೋವಾಗ ಟ್ರ್ಯಾಕ್ಟರ್ ಸಿಕ್ಕಿಹಾಕಿಕೊಂಡಿದ್ದನ್ನ ನೋಡಿದೋರಿಗೆ ಇದರ ಬೆಲೆ ಗೊತ್ತಾಗುತ್ತೆ. 1957-58ರಲ್ಲಿ ವಿವಿಯನ್ ಫುಕ್ಸ್ ಅವರ ತಂಡ ಅಂಟಾರ್ಕ್ಟಿಕಾ ಖಂಡವನ್ನ ದಾಟೋಕೆ ಹೊರಟಾಗ ತಗೊಂಡು ಹೋದ ಗಾಡಿಗಳಲ್ಲಿ ಒಂದು ಮಸ್ಕೆಗ್ ಕೂಡ ಇತ್ತು.

ಇಷ್ಟೆಲ್ಲ ದೊಡ್ಡ ಗಾಡಿ. ಹದಿನೈದನೇ ವಯಸ್ಸಿನ ಕನಸು ಅದಲ್ಲ, ಒಬ್ಬರೋ ಇಬ್ಬರೋ ಕೂತು ಹೋಗೋ ಸಣ್ಣ ಗಾಡಿ. ಅದಕ್ಕೆ ಬೇಕಾದ ಸಣ್ಣ, ಹಗುರವಾದ ಎಂಜಿನ್ ಮಾರ್ಕೆಟ್ಟಲ್ಲಿ ಸಿಗೋಕೆ 1950ರ ದಶಕ ಬರಬೇಕಾಯ್ತು. ಜೋಡಣೆ ಇಲ್ಲದ ಒಂದೇ ತುಂಡಿನ ರಬ್ಬರ್ ಪಟ್ಟಿಯನ್ನ ಮಾಡೋದರಲ್ಲಿ ಮಗ ಜೆರ್ಮೇನ್ ಕೈ ಇತ್ತು. 1959ರಲ್ಲಿ ಗಾಡಿ ಹೊರಗೆ ಬಂತು. ಎಂಜಿನ್ ಏಳು ಹಾರ್ಸ್‌ಪವರ್, ನಮ್ಮ ಈಗಿನ 110 ಸಿಸಿ ಸ್ಕೂಟರಿಗಿಂತ ಸ್ವಲ್ಪ ಕಮ್ಮಿ. ನಾಯಿ ಎಳೆಯೋ ಬಂಡಿಯ ಬದಲು ಬಂದ ಗಾಡಿ ಅಂತ ಸ್ಕೀ-ಡಾಗ್ ಅಂತ ಹೆಸರಿಡೋದಿತ್ತು, ಹೇಗೋ ಅದು ಸ್ಕೀ-ಡೂ ಆಗಿ ಹಾಗೇ ನಿಂತಿತು. ಮೊದಲ ವರ್ಷ ಮಾರಿದ್ದು 225. ಶುರುವಿನ ಒಂದು ಗಾಡಿ ಒಂಟಾರಿಯೊ ಪ್ರಾಂತ್ಯದ ಉತ್ತರದ ಕಾಡಲ್ಲಿ, ಲ್ಯಾನ್ಸ್‌ಡೌನ್ ಹೌಸ್ ಅನ್ನೋ ಜಾಗದಲ್ಲಿದ್ದ ಪಾದ್ರಿ ಗೆಳೆಯ ಮೊರೀಸ್ ವಿಮೆ ಅವರ ಹತ್ತಿರ ಹೋಯ್ತು. ಅಲ್ಲಿ ಶೋರೂಮಿಲ್ಲ, ಸರ್ವಿಸ್ ಸೆಂಟರಿಲ್ಲ. ಕೆಟ್ಟರೆ ಓಡಿಸೋನೇ ಬಿಚ್ಚಬೇಕು. ಬೊಂಬಾರ್ಡಿಯೆ ಅವರ ಬದುಕಲ್ಲಿ ನನಗೆ ಬಹಳ ಹಿಡಿಸಿದ್ದು ಈ ಜಾಗ. ಗಾಡಿ ಯಾರಿಗೆ ಬೇಕೋ ಅವರು ಮೆಕ್ಯಾನಿಕ್ಕಿನಿಂದ ಬಹಳ ದೂರ ಇದ್ದಾರೆ.

ಅದಕ್ಕೇ ಈ ಸಣ್ಣ ಗಾಡಿಗಳ ವಂಶಕ್ಕೆ ಅಂಟಿಕೊಂಡಿದ್ದು ಬೆಲ್ಟ್ ಕ್ಲಚ್. ಇದನ್ನ ಕಂಡುಹಿಡಿದಿದ್ದು ಬೊಂಬಾರ್ಡಿಯೆ ಅಲ್ಲ, ಅದನ್ನ ಸ್ಪಷ್ಟವಾಗಿ ಹೇಳಿಬಿಡಬೇಕು. ಇದೇ ತತ್ವದ ಮೇಲೆ ಹಾಲೆಂಡಿನ ಹಬ್ ವಾನ್ ಡೋರ್ನ್ 1958ರಲ್ಲಿ ಡಾಫ್ ಕಾರನ್ನೇ ಓಡಿಸಿದ್ರು. ನಮ್ಮ ದೇಶಕ್ಕೆ ಇದು 1984ರ ಕೈನೆಟಿಕ್ ಹೋಂಡಾ ಸ್ಕೂಟರಲ್ಲಿ ಬಂತು. ಈಗ ಕೋಲಾರದ ನರಸಾಪುರದ ಫ್ಯಾಕ್ಟರಿಯಿಂದ ಹೊರಡೋ ಗೇರ್‌ಲೆಸ್ ಸ್ಕೂಟರ್‌ಗಳಲ್ಲೂ ಇದೇ.

ಕೆಲಸ ಮಾಡೋ ರೀತಿ ಹೇಳ್ತೀನಿ, ಮೆಕ್ಯಾನಿಕಲ್‌ನವರು ಬೇಕಾದ್ರೆ ಈ ಪ್ಯಾರಾ ಹಾರಿಸಿ. ಪುಲ್ಲಿ ಅಂದ್ರೆ ಎದುರುಬದುರು ಇಟ್ಟ ಎರಡು ತಟ್ಟೆ, ಮಧ್ಯೆ ವಿ ಆಕಾರದ ಸಂದಿ. ಒಂದು ತಟ್ಟೆ ಗಟ್ಟಿಯಾಗಿ ಕೂತಿರುತ್ತೆ, ಇನ್ನೊಂದು ಹತ್ತಿರ ದೂರ ಜಾರುತ್ತೆ. ಮುಂದಿನ ಪುಲ್ಲಿ ಎಂಜಿನ್ನಿನ ಕ್ರ್ಯಾಂಕ್ ಮೇಲೆ ಇರುತ್ತೆ. ಎಂಜಿನ್ ನಿಧಾನಕ್ಕೆ ಓಡ್ತಿದ್ರೆ ಸ್ಪ್ರಿಂಗ್ ತಟ್ಟೆಗಳನ್ನ ಅಗಲಿಸಿ ಇಟ್ಟಿರುತ್ತೆ, ಬೆಲ್ಟು ಸಡಿಲವಾಗಿ ಕೂತಿರುತ್ತೆ, ಗಾಡಿ ನಿಂತಿರುತ್ತೆ. ಎಕ್ಸಲರೇಟರ್ ಕೊಟ್ಟಾಗ ಒಳಗಿರೋ ತೂಕದ ತುಂಡುಗಳು ಹೊರಗೆ ಚಿಮ್ಮಿ ಜಾರೋ ತಟ್ಟೆಯನ್ನ ಒತ್ತುತ್ತವೆ. ಈಗಿನ ಸ್ನೋಮೊಬೈಲಲ್ಲಿ ಸಾಮಾನ್ಯವಾಗಿ 3,000 - 4,000 ಆರ್‌ಪಿಎಂ ಹೊತ್ತಿಗೆ ಬೆಲ್ಟು ಹಿಡಿದುಕೊಳ್ಳುತ್ತೆ. ಇನ್ನೂ ಕೊಟ್ಟರೆ ಮುಂದಿನ ತಟ್ಟೆಗಳು ಕೂಡುತ್ತಾ ಬೆಲ್ಟು ಅಂಚಿನ ಕಡೆ ಏರುತ್ತೆ, ಹಿಂದಿನ ಪುಲ್ಲಿಯಲ್ಲಿ ಅಷ್ಟೇ ಒಳಗೆ ಇಳಿಯುತ್ತೆ. ಸಣ್ಣ ಪುಲ್ಲಿ ದೊಡ್ಡದನ್ನ ಸುತ್ತಿಸ್ತಿದ್ದಿದ್ದು ಈಗ ದೊಡ್ಡದು ಸಣ್ಣದನ್ನ ಸುತ್ತಿಸುತ್ತೆ. ಇದೇ ಗೇರು. ದಿಣ್ಣೆ ಬಂದು ಪಟ್ಟಿಗೆ ಭಾರ ಬಿದ್ದರೆ ಹಿಂದಿನ ಪುಲ್ಲಿಯ ಸ್ಪ್ರಿಂಗು ಮತ್ತು ಓರೆ ಗಾಡಿ ಸೇರಿ ಅದರ ತಟ್ಟೆಗಳನ್ನ ಕೂಡಿಸಿ ಬೆಲ್ಟನ್ನ ವಾಪಸ್ ಮೇಲೆ ಎಳೀತವೆ, ಗೇರ್ ತಾನೇ ಇಳಿಯುತ್ತೆ. ಒಳಗೆ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಎರಡು ಸ್ಪ್ರಿಂಗು, ಒಂದಿಷ್ಟು ತೂಕ, ಒಂದು ಬೆಲ್ಟು. ಸ್ಕೂಟರಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಸ್ಕೂಟರಲ್ಲಿ ಹಿಂದಿನ ಪುಲ್ಲಿ ಜೊತೆ ಬೇರೆಯಾಗಿ ಕ್ಲಚ್ ಶೂ ಇರುತ್ತೆ, ಅದು ಅಗಲಿ ಬೆಲ್ ಒಳಗೆ ಹಿಡಿಯುತ್ತೆ. ಸ್ನೋಮೊಬೈಲಲ್ಲಿ ಮುಂದಿನ ಪುಲ್ಲಿಯೇ ಕ್ಲಚ್ಚು.

ಈ ಮಾತುಗಳನ್ನ ಕನ್ನಡದಲ್ಲಿ ಬರೆಯೋಕೆ ಆಗುತ್ತಾ ಅಂತ ಒಬ್ಬ ಫ್ರೆಂಡ್ ಕೇಳಿದ. ನಮ್ಮೂರಿನ ಹೆಸರನ್ನೇ ಹೆಸರಿಗೆ ಸೇರಿಸಿಕೊಂಡಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಭೌತಶಾಸ್ತ್ರ ಹೇಳಿಕೊಡ್ತಾ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ ವಿಜ್ಞಾನ ಅನ್ನೋ ಕನ್ನಡ ಪತ್ರಿಕೆ ತಂದಿದ್ರು. ಬೊಂಬಾರ್ಡಿಯೆ ಆಗ ಹನ್ನೊಂದು ವರ್ಷದ ಹುಡುಗ. ಇನ್ನು ಪದಗಳ ವಿಷಯ. ತುಮಕೂರಿನ ಯಾವ ಗ್ಯಾರೇಜಿಗೆ ಹೋದ್ರೂ ಬೆಲ್ಟು, ರೋಲರು, ಬೇರಿಂಗು, ವೇರಿಯೇಟರು ಅಂತಾನೇ ಅಂತಾರೆ, ಅವೆಲ್ಲ ಯಾವಾಗಲೋ ಕನ್ನಡ ಆಗಿಹೋಗಿವೆ.

ಈಗ ಕೈಕೆಲಸಕ್ಕೆ ಬರೋಣ. ಕಾಡಿಗೆ ಸ್ನೋಮೊಬೈಲ್ ತಗೊಂಡು ಹೋಗೋರು ಒಂದು ಸ್ಪೇರ್ ಬೆಲ್ಟ್ ಇಲ್ಲದೆ ಹೊರಡಲ್ಲ. ಬೆಲ್ಟು ಹೋದ್ರೆ ಎಂಜಿನ್ ಆಫ್ ಮಾಡಿ ಆರೋವರೆಗೂ ಕಾಯಬೇಕು, ಆಮೇಲೆ ಗಾರ್ಡ್ ತೆಗೀಬೇಕು. ಹಿಂದಿನ ಪುಲ್ಲಿಗೆ ಅದರದೇ ಒಂದು ಸ್ಕ್ರೂ ಟೂಲ್ ಇರುತ್ತೆ, ಅದನ್ನ ತಿರುಗಿಸಿದ್ರೆ ತಟ್ಟೆ ಅಗಲುತ್ತೆ. ಬೆಲ್ಟನ್ನ ಮೊದಲು ಹಿಂದಿನದರಿಂದ, ಆಮೇಲೆ ಮುಂದಿನದರಿಂದ ತೆಗೀಬೇಕು. ಹೊಸದು ಹಾಕೋವಾಗ ಅದರ ಮೇಲಿನ ಬಾಣ ತಿರುಗೋ ದಿಕ್ಕಿಗೇ ಇರಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಒಳಗಿನ ನೂಲು ಕಡಿದುಹೋಗುತ್ತೆ, ಕೈಯಲ್ಲೇ ಆಗೋ ಕೆಲಸ ಇದು. ಕೂತ ಮೇಲೆ ಬೆಲ್ಟಿನ ಬೆನ್ನು ಹಿಂದಿನ ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮ ಬರಬೇಕು. ಒಳಗೆ ಇಳಿದಿದ್ರೆ ಸ್ಟಾರ್ಟಿಂಗಲ್ಲೇ ಎಳೆಯಲ್ಲ, ಜಾಸ್ತಿ ಮೇಲೆ ಇದ್ರೆ ನಿಲ್ಲಿಸಿದಾಗಲೂ ಗಾಡಿ ಮುಂದೆ ಜಗ್ಗುತ್ತೆ. ಹೊಸ ಬೆಲ್ಟನ್ನ ಬಿಸಿನೀರು ಸೋಪಿನಲ್ಲಿ ತೊಳೆದು ಒಣಗಿಸಿ ಹಾಕಿ, ಮೊದಲ ಐವತ್ತು ಕಿಲೋಮೀಟರ್ ಮೆತ್ತಗೆ ಓಡಿಸಿದ್ರೆ ಬಾಳಿಕೆ ಬರುತ್ತೆ.

ಹಳೇ ಬೆಲ್ಟನ್ನ ಬಿಸಾಡೋ ಮುಂಚೆ ಕೈಯಲ್ಲಿ ಹಿಡಿದು ನೋಡಬೇಕು, ಏನಾಗಿತ್ತು ಅಂತ ಅದೇ ಹೇಳುತ್ತೆ. ಎರಡೂ ಪಕ್ಕ ಕನ್ನಡಿ ಹಾಗೆ ಹೊಳೀತಿದ್ರೆ ಜಾರಿ ಬಿಸಿಯಾಗಿದೆ. ಅಂಚಲ್ಲಿ ನೂಲು ಎದ್ದಿದ್ರೆ ಎರಡು ಪುಲ್ಲಿ ಒಂದೇ ನೇರದಲ್ಲಿಲ್ಲ. ಒಂದೇ ಒಂದು ಕಡೆ ಸೊಂಟ ಕಿತ್ತ ಹಾಗೆ ಸವೆದಿದ್ರೆ, ರಾತ್ರಿ ಪಟ್ಟಿ ಹಿಮಕ್ಕೆ ಅಂಟಿಕೊಂಡಿತ್ತು, ಬೆಳಿಗ್ಗೆ ಅದನ್ನ ಎತ್ತಿ ಬಿಡಿಸದೆ ಎಕ್ಸಲರೇಟರ್ ತಿರುವಿದ್ದಾರೆ. ಬೆಲ್ಟು ನಿಂತಿದೆ, ಮುಂದಿನ ಪುಲ್ಲಿ ಅದರ ಒಂದೇ ಜಾಗವನ್ನ ಉಜ್ಜಿ ತಿಂದಿದೆ. ಅಗಲ ಹೊಸದಕ್ಕಿಂತ ಸುಮಾರು 3 ಮಿಲಿಮೀಟರ್ ಕಮ್ಮಿ ಆಗಿದ್ರೆ ಆ ಬೆಲ್ಟಿನ ಕಾಲ ಮುಗೀತು.

ಮುಂದಿನ ಕ್ಲಚ್ಚನ್ನೇ ಇಳಿಸಿ ಕೂರಿಸೋದು ಇನ್ನೊಂದು ಹಂತ. ಅದು ಕ್ರ್ಯಾಂಕಿನ ಓರೆಯಾದ ತುದಿ ಮೇಲೆ ಬರೀ ಒತ್ತಡದಿಂದ ಕಚ್ಚಿಕೊಂಡಿರುತ್ತೆ. ಮಧ್ಯದ ಬೋಲ್ಟು ತೆಗೆದ ಮೇಲೂ ಬರಲ್ಲ, ಪುಲ್ಲರ್ ಹಾಕಿ ತಿರುಗಿಸಬೇಕು. ಸುತ್ತಿಗೆ ತಗೊಂಡ್ರೆ ಕ್ರ್ಯಾಂಕ್ ಬಾಗುತ್ತೆ. ವಾಪಸ್ ಕೂರಿಸೋವಾಗ ಓರೆ ತುದಿಯನ್ನೂ ಒಳಗಿನ ತೂತನ್ನೂ ಸ್ಪಿರಿಟಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು. ಇಲ್ಲಿ ಗ್ರೀಸ್ ಆಯಿಲ್ ಏನೂ ಹಾಕಬಾರದು. ಎಲ್ಲ ಕಡೆ ಗ್ರೀಸ್ ಹಚ್ಚೋದೇ ಮೆಂಟೆನೆನ್ಸ್ ಅಂದುಕೊಂಡಿರೋರಿಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ಹಿಡಿತ ಬರೋದೇ ಲೋಹಕ್ಕೆ ಲೋಹ ಕಚ್ಚಿ. ಬೆಲ್ಟು ಓಡೋ ತಟ್ಟೆಗೂ ಅಷ್ಟೇ, ಒಂದು ಹನಿ ಎಣ್ಣೆ ಬಿದ್ರೂ ಜಾರುತ್ತೆ. ಬೋಲ್ಟನ್ನ ಆ ಮಾಡೆಲ್ಲಿನ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಟಾರ್ಕ್ ರೆಂಚಲ್ಲೇ ಬಿಗಿಯಬೇಕು. ಆಮೇಲೆ ಎರಡೂ ಪುಲ್ಲಿಗಳ ಮಧ್ಯದ ದೂರ, ನೇರ ಎರಡನ್ನೂ ಅದಕ್ಕೇ ಮಾಡಿದ ಅಳತೆ ಪಟ್ಟಿ ಇಟ್ಟು ನೋಡಬೇಕು. ಕ್ಲಚ್ ಒಳಗಿನ ಸ್ಪ್ರಿಂಗು ಬಿಗಿಯಾಗಿ ಅದುಮಿಕೊಂಡಿರುತ್ತೆ, ಮುಚ್ಚಳದ ಬೋಲ್ಟುಗಳನ್ನ ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಮುಖ ಅದರ ಎದುರಿಗೆ ಇರಬಾರದು. ಗಾರ್ಡ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು, ಓಡೋವಾಗ ಕಿತ್ತ ಬೆಲ್ಟು ಚಾಟಿ ಹಾಗೆ ಬರುತ್ತೆ. 1922ರ ಆ ಪ್ರೊಪೆಲ್ಲರ್‌ಗೆ ಗಾರ್ಡ್ ಇರಲಿಲ್ಲ ಅಂತ ಅಪ್ಪ ಹೆದರಿದ್ದು ನೆನಪಿದೆಯಲ್ಲ.

ನಮ್ಮ ಚಿಕ್ಕಪ್ಪ ಒಂದು ಭಾನುವಾರ ಅವರ ಸ್ಕೂಟರಿನ ಎಡಗಡೆ ಕವರ್ ಬಿಚ್ಚಿ ಜಗುಲಿ ಮೇಲೆ ಹರಡಿಕೊಂಡು ಕೂತಿದ್ರು. ಆರು ರೋಲರ್‌ಗಳಲ್ಲಿ ಮೂರು ಒಂದು ಪಕ್ಕ ಚಪ್ಪಟೆ ಆಗಿದ್ವು, ಅದಕ್ಕೇ ಗಾಡಿ ತುಮಕೂರು ರೋಡಲ್ಲಿ ಅರವತ್ತು ದಾಟ್ತಿರಲಿಲ್ಲ. ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ತೆಂಗು ಅಡಿಕೆ ನೋಡಿಕೊಂಡು, ಪಂಪು ಮೋಟಾರು ರಿಪೇರಿ ಮಾಡಿಕೊಂಡು ಇರೋವರು. ರೋಲರ್ ಹಗುರ ಆದ್ರೆ ಏನಾಗುತ್ತೆ, ಭಾರ ಆದ್ರೆ ಏನಾಗುತ್ತೆ ಅಂತ ಅವರು ಹೇಳಿದ್ದು, ನಮ್ಮ ಸೆಂಟ್ರಿಫ್ಯೂಗಲ್ ಗವರ್ನರ್ ಚಾಪ್ಟರ್‌ಗಿಂತ ಬೇಗ ತಲೆಗೆ ಹೋಯ್ತು. ಕೆನಡಾದ ಕಾಡಲ್ಲಿ ಕೂತು ಇದೇ ಕೆಲಸ ಮಾಡೋನ ಹತ್ತಿರ ಅವರನ್ನ ಬಿಟ್ರೆ ಭಾಷೆ ಬರದೇ ಇದ್ರೂ ಇಬ್ಬರೂ ಸೇರಿ ಕ್ಲಚ್ ಕೂರಿಸ್ತಾರೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಸ್ಕೀ-ಡೂ ಬಂದ ಮೇಲೆ ಉತ್ತರದ ಬೇಟೆಗಾರರು, ಇನ್ಯೂಟ್ ಜನ, ಪೊಲೀಸರು, ಮಿಷನರಿಗಳು ನಾಯಿ ಬಂಡಿ ಬಿಟ್ಟು ಇದಕ್ಕೆ ಬಂದ್ರು. ಅದರಿಂದ ಆದದ್ದೆಲ್ಲ ಒಳ್ಳೇದೇ ಅಂತ ನಾನು ಹೇಳಲ್ಲ. ನಾಯಿ ಪೆಟ್ರೋಲ್ ಕೇಳಲ್ಲ, ದಾರಿ ತಪ್ಪಿದ್ರೆ ಮನೆಗೆ ಕರ್ಕೊಂಡು ಬರುತ್ತೆ. ಅದಕ್ಕಿಂತ ಜಾಸ್ತಿ ಕೊಂಡವರು ಪಟ್ಟಣದವರು, ಮೋಜಿಗೆ. ಡಾಕ್ಟರಿಗೆ, ಪಾದ್ರಿಗೆ ಅಂತ ಗಾಡಿ ಮಾಡಿದ ಮನುಷ್ಯನ ಕಂಪನಿ ಆಟದ ಗಾಡಿಯಿಂದ ಶ್ರೀಮಂತ ಆಯ್ತು. 1964ರ ಹೊತ್ತಿಗೆ ವರ್ಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಮಾರ್ತಿದ್ರು.

ಆ ದೊಡ್ಡ ಅಲೆಯನ್ನ ಬೊಂಬಾರ್ಡಿಯೆ ನೋಡಲಿಲ್ಲ. ಕ್ಯಾನ್ಸರ್ ಆಗಿತ್ತು. 1964ರ ಫೆಬ್ರವರಿ 18ರಂದು, 56ನೇ ವಯಸ್ಸಿಗೆ, ಶೆರ್‌ಬ್ರೂಕ್‌ನಲ್ಲಿ ತೀರಿಕೊಂಡ್ರು. ಮೂವತ್ತು ವರ್ಷ ಹಿಂದೆ ಮಗುವನ್ನ ತಲುಪಿಸೋಕೆ ಆಗದೆ ಹೋದ ಊರು ಅದೇ. ಅಷ್ಟೊತ್ತಿಗೆ ಅವರ ಹೆಸರಲ್ಲಿ ನಲವತ್ತಕ್ಕೂ ಹೆಚ್ಚು ಪೇಟೆಂಟ್ ಇದ್ದವು.

ಮೊದಲು ಮಗ ಜೆರ್ಮೇನ್, ಆಮೇಲೆ ಅಳಿಯ ಲೊರಾಂ ಬೋದ್ವಾಂ ಕಂಪನಿ ನಡೆಸಿದ್ರು. 1970ರಲ್ಲಿ ಸ್ಕೀ-ಡೂಗೆ ಎಂಜಿನ್ ಕೊಡ್ತಿದ್ದ ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯನ್ನೇ ಕೊಂಡುಕೊಂಡ್ರು. ಆ ರೋಟಾಕ್ಸ್ ಎಂಜಿನ್ನೇ ಬೆಂಗಳೂರಿನ ಎನ್‌ಎಎಲ್ ಮಾಡಿದ ಹಂಸ ವಿಮಾನದ ಮೂತಿಯಲ್ಲಿ ತಿರುಗೋದು. ಸ್ನೋಮೊಬೈಲ್ ಕಡೆಯಿಂದ ನಮಗೆ ಬಹಳ ಹತ್ತಿರ ಬಂದಿರೋದು ಅದೇ ಇರಬೇಕು. ಆಮೇಲೆ ರೈಲು, ವಿಮಾನ ಎಲ್ಲ ಬಂತು. 2003ರಲ್ಲಿ ಸ್ನೋಮೊಬೈಲ್ ವಿಭಾಗ ಬೇರೆ ಕಂಪನಿ ಆಯ್ತು, 2021ರಲ್ಲಿ ರೈಲಿನ ವ್ಯವಹಾರ ಅಲ್‌ಸ್ಟೋಮ್ ಕೈಗೆ ಹೋಯ್ತು. ಸ್ಕೀ-ಡೂ ಮಾತ್ರ ಇವತ್ತಿಗೂ ವಾಲ್ಕೂರಿನಲ್ಲೇ ತಯಾರಾಗುತ್ತೆ. ಅದೇ ಊರಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, ಅದರಲ್ಲಿ 1926ರ ಆ ಹಳೇ ಗ್ಯಾರೇಜನ್ನ ಹಾಗೇ ಉಳಿಸಿದ್ದಾರೆ.